ಮನೆಯಿಂದಲೇ ಆನ್‌ಲೈನ್ ವ್ಯಾಪಾರ: ಯಾವ ಸರಕು ಆರಿಸಬೇಕು? ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಕುಟುಂಬಗಳಿಗೆ ಮಾಹಿತಿ

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲಿರುವ ತಾಲ್ಲೂಕು ಕೇಂದ್ರಗಳು. ಅಂಗಡಿ ವ್ಯಾಪಾರ ನಮ್ಮ ಮನೆಗಳಿಗೆ ಹೊಸದಲ್ಲ. ಈಗ ಮನೆಯ ಸೊಸೆಯಂದಿರು, ಓದು ಮುಗಿಸಿದ ಹೆಣ್ಣುಮಕ್ಕಳು ಮೊಬೈಲ್ ಮೂಲಕ ಮಾರಾಟಕ್ಕೆ ಮುಂದಾಗುತ್ತಿದ್ದಾರೆ. ಖಾತೆ ತೆರೆಯುವುದು, ಫೋಟೊ ಹಾಕುವುದು ಒಂದು ದಿನದ ಕೆಲಸ. ಏನು ಮಾರಬೇಕು ಎಂಬುದು ತಪ್ಪಿದರೆ ಬಂಡವಾಳವೂ ಹೋಗುತ್ತದೆ, ಮನೆಯವರ ಉತ್ಸಾಹವೂ ಹೋಗುತ್ತದೆ. ಹೊರಗಿನವರು ಸುಲಭವಾಗಿ ಮಾಡಲಾಗದ, ನಮ್ಮ ಮನೆಗೆ ಚೆನ್ನಾಗಿ ಗೊತ್ತಿರುವ ಸರಕೇ ಒಳ್ಳೆಯದು.

ಊರಿನ ಹೆಸರಾಂತ ಸರಕು ಸಾಕೇ?

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಭತ್ತಕ್ಕೆ ಹೆಸರಾಗಿದೆ. ಹಾಗೆಂದು ಸೋನಾ ಮಸೂರಿ ಅಕ್ಕಿಯನ್ನು ಮನೆಯಿಂದ ಕೊರಿಯರ್‌ನಲ್ಲಿ ಮಾರುವುದು ಲಾಭದಾಯಕವಲ್ಲ. ತೂಕ ಹೆಚ್ಚು, ಕೆಜಿಗೆ ಸಿಗುವ ಲಾಭ ಕಡಿಮೆ, ದರ ಎಲ್ಲರಿಗೂ ಗೊತ್ತು. ಹಗುರವಾಗಿದ್ದು, ಒಡೆಯದೆ, ಕೆಡದೆ ತಲುಪುವ ಸರಕು ಬೇಕು.

ಮೊದಲು ಧರ್ಮದ ಜರಡಿ

ಶ್ರಾವಕಾಚಾರದಲ್ಲಿ ಹೇಳಿರುವ 15 ಕರ್ಮಾದಾನಗಳು, ಅಂದರೆ ಶ್ರಾವಕರು ಬಿಡಬೇಕಾದ ಉದ್ಯೋಗಗಳು, ಇಂದಿಗೂ ದಾರಿ ತೋರುತ್ತವೆ. ದಂತ ವಾಣಿಜ್ಯ, ಲಾಕ್ಷಾ ವಾಣಿಜ್ಯ, ರಸ ವಾಣಿಜ್ಯ, ವಿಷ ವಾಣಿಜ್ಯ ಇವುಗಳಲ್ಲಿ ಸೇರಿವೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಚರ್ಮದ ಪರ್ಸ್, ಅರಗಿನ ಬಳೆ, ಜೇನುತುಪ್ಪ, ಕೀಟನಾಶಕಗಳನ್ನು ಪಟ್ಟಿಯಿಂದ ಮೊದಲೇ ತೆಗೆಯಿರಿ.

ಸೀರೆ ಮಾರುವವರೂ ಇದನ್ನು ಗಮನಿಸಬೇಕು. ಲಿಂಗಸುಗೂರಿನ ಕಡೆಯವರಿಗೆ ಇಳಕಲ್ ಹತ್ತಿರ. ನೇಕಾರರಿಂದಲೇ ನೇರವಾಗಿ ತರಬಹುದು. ಆದರೆ ರೇಷ್ಮೆಯಲ್ಲಿ ಹುಳುವಿನ ಹಿಂಸೆ ಇದೆ. ಹತ್ತಿಯ ಮೈ, ಕೃತಕ ರೇಷ್ಮೆಯ ಸೆರಗು ಇರುವ ಇಳಕಲ್ ಸೀರೆಯನ್ನು ಕೇಳಿ ಆರಿಸಿ. ಅದನ್ನು ಹಾಗೆಯೇ ಸ್ಪಷ್ಟವಾಗಿ ಬರೆದು ಮಾರಿ.

ತಿಂಡಿಯಲ್ಲಿ ನಮ್ಮದೇ ಜಾಗವಿದೆ

ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರ ಎಂದಷ್ಟೇ ಹೇಳುತ್ತದೆ. ಬೆಳ್ಳುಳ್ಳಿ, ಈರುಳ್ಳಿ, ಆಲೂಗಡ್ಡೆಗೆ ಅಲ್ಲಿ ತಡೆಯಿಲ್ಲ. ನಿಯಮದ ಪ್ರಕಾರ ಜೇನು ಮತ್ತು ಅರಗಿನಿಂದ ತೆಗೆದ ಶೆಲಾಕ್ ಕೂಡ ಹಸಿರು ಚುಕ್ಕೆಯೊಳಗೇ ಬರುತ್ತವೆ. ಹೀಗಾಗಿ ಜೈನ ಮನೆಯಲ್ಲಿ ತಯಾರಾದದ್ದು ಎಂಬ ನಂಬಿಕೆಗೆ ಬೆಲೆ ಇದೆ.

ನಮ್ಮ ಭಾಗದ ಶೇಂಗಾ ಚಟ್ನಿಪುಡಿಗೆ ಎಲ್ಲೆಡೆ ಬೇಡಿಕೆ ಇದೆ. ಆದರೆ ಅಂಗಡಿಯಲ್ಲಿ ಸಿಗುವುದರಲ್ಲಿ ಸಾಮಾನ್ಯವಾಗಿ ಬೆಳ್ಳುಳ್ಳಿ ಇರುತ್ತದೆ. ಬೆಳ್ಳುಳ್ಳಿ ಇಲ್ಲದ ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿ, ಖಡಕ್ ಜೋಳದ ರೊಟ್ಟಿ, ಹೆಸರುಬೇಳೆ ಹಪ್ಪಳ, ಖಾಖರಾ ಉತ್ತಮ ಆಯ್ಕೆಗಳು. ಶೇಂಗಾ ನೆಲದಡಿ ಬೆಳೆದರೂ ಹೆಚ್ಚಿನ ಮನೆಗಳಲ್ಲಿ ಬಳಸುತ್ತಾರೆ. ಒಣಶುಂಠಿ, ಅರಿಶಿನ ಪುಡಿಯೂ ಹಾಗೆಯೇ. ಹಸಿ ಶುಂಠಿ ಮಾತ್ರ ಬೇಡ.

ಕಾಲ ಮರ್ಯಾದೆಯನ್ನೂ ಲೆಕ್ಕ ಹಾಕಿ. ಶ್ವೇತಾಂಬರ ಪರಂಪರೆಯಲ್ಲಿ ಸಿಹಿ ಮತ್ತು ಒಣ ತಿಂಡಿಗೆ ಮಳೆಗಾಲದಲ್ಲಿ 15, ಬೇಸಿಗೆಯಲ್ಲಿ 20, ಚಳಿಗಾಲದಲ್ಲಿ 30 ದಿನ. ಚಾತುರ್ಮಾಸದಲ್ಲಿ ಪಾರ್ಸೆಲ್ 4 ದಿನ ದಾರಿಯಲ್ಲಿದ್ದರೆ ಗ್ರಾಹಕರಿಗೆ ಉಳಿಯುವುದು 11 ದಿನ. ಆದ್ದರಿಂದ ಆರ್ಡರ್ ಬಂದ ಮೇಲೆ ತಯಾರಿಸಿ, ತಯಾರಿಸಿದ ದಿನವನ್ನು ದೊಡ್ಡದಾಗಿ ಮುದ್ರಿಸಿ. ಫಾಲ್ಗುಣ ಚೌಮಾಸಿಯಿಂದ ಕಾರ್ತಿಕದವರೆಗೆ ಎಳ್ಳು ಬಿಡುವ ಮನೆಗಳಿವೆ. ಎಳ್ಳಿನ ಪದಾರ್ಥವನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಅಡುಗೆ ಬೇಡವೆನ್ನುವವರಿಗೆ

ಹೊಲಿಗೆ ಬಲ್ಲವರು ಹತ್ತಿಯ ಪೂಜಾ ವಸ್ತ್ರ, ಮುಹಪತ್ತಿ, ಸಾಮಾಯಿಕದ ಚೀಲ ಆರಿಸಬಹುದು. ಹಗುರ, ಕೆಡುವುದಿಲ್ಲ, ವಾಪಸ್ ಬಂದರೂ ಮತ್ತೆ ಮಾರಬಹುದು. ಮುಹಪತ್ತಿ ಶ್ವೇತಾಂಬರರಿಗೆ, ಧೋತಿ-ದುಪಟ್ಟಾ ಇಬ್ಬರಿಗೂ. ಪರ್ಯುಷಣ, ದಶಲಕ್ಷಣ ಮತ್ತು ಚೈತ್ರ, ಆಶ್ವಿನದ ಆಯಂಬಿಲ್ ಓಳಿಗೆ ಒಂದೂವರೆ ತಿಂಗಳು ಮೊದಲೇ ಸಿದ್ಧವಿರಿ.

ಬೆಲೆಯ ಲೆಕ್ಕ

ಉದಾಹರಣೆಗೆ 250 ಗ್ರಾಂ ಚಟ್ನಿಪುಡಿಗೆ ಸಾಮಗ್ರಿ 60 ರೂ., ಪ್ಯಾಕೆಟ್ ಮತ್ತು ಲೇಬಲ್ 12, ಗ್ಯಾಸ್ ಮತ್ತು ಶ್ರಮ 25 ಎಂದುಕೊಳ್ಳಿ. ಒಟ್ಟು 97 ರೂ. ಒಂದೇ ಪ್ಯಾಕೆಟ್ ಕಳುಹಿಸಲು ಡಬ್ಬಿ 10, ಕೊರಿಯರ್ 60 ಸೇರಿದರೆ 167. 160ಕ್ಕೆ ಮಾರಿದರೆ 7 ರೂ. ನಷ್ಟ. ಮೂರು ಪ್ಯಾಕೆಟ್ ಒಟ್ಟಿಗೆ ಕಳುಹಿಸಿ ಡಬ್ಬಿಗೆ 15, ಕೊರಿಯರ್‌ಗೆ 100 ಆದರೆ ಖರ್ಚು 406. ಅದೇ ದರದಲ್ಲಿ 480 ಬರುತ್ತದೆ, 74 ಉಳಿಯುತ್ತದೆ. ಸರಕು ಅದೇ, ದರ ಅದೇ. ಒಂದೊಂದಾಗಿ ಮಾರದೆ ಮೂರರ ಜೋಡಿ ಮಾಡಿದ್ದೇ ವ್ಯತ್ಯಾಸ. ನಿಮ್ಮ ಊರಿನ ದರ ಹಾಕಿ ಇದೇ ಲೆಕ್ಕ ಮಾಡಿ.

ಕೊರಿಯರ್‌ನವರು ಡಬ್ಬಿಯ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಕ್ರಮ. 30×25×20 ಡಬ್ಬಿಯಲ್ಲಿ ಒಂದು ಕೆಜಿ ಖಾಖರಾ ಇದ್ದರೂ 3 ಕೆಜಿಯ ದರ ಬೀಳಬಹುದು.

ಕಾಗದಪತ್ರ

- ಆಹಾರ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. 14 ಅಂಕಿಯ ಸಂಖ್ಯೆಯನ್ನು ಲೇಬಲ್ ಮೇಲೆ ಹಾಕಬೇಕು.
- ಪ್ಯಾಕೆಟ್ ಮೇಲೆ ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಿಕೆಯ ದಿನಾಂಕ, ಎಂಆರ್‌ಪಿ, ದೂರವಾಣಿ ಇರಲಿ.
- 2023ರ ಅಕ್ಟೋಬರ್ 1ರಿಂದ, ಜಿಎಸ್‌ಟಿ ಮಿತಿಯೊಳಗಿನ ಸಣ್ಣ ಮಾರಾಟಗಾರರು ನೋಂದಣಿ ಇಲ್ಲದೆಯೂ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು ಇ-ಕಾಮರ್ಸ್ ತಾಣಗಳಲ್ಲಿ ರಾಜ್ಯದೊಳಗೆ ಸರಕು ಮಾರಬಹುದು. ಬೆಂಗಳೂರಿಗೆ, ಬೆಳಗಾವಿಗೆ ಕಳುಹಿಸಬಹುದು. ಹತ್ತಿರದಲ್ಲೇ ಇರುವ ಕರ್ನೂಲು, ಹೈದರಾಬಾದ್‌ಗೆ ಕಳುಹಿಸಲು ನೋಂದಣಿ ಬೇಕಾಗುತ್ತದೆ. ತೆರಿಗೆ ಸಲಹೆಗಾರರನ್ನು ಒಮ್ಮೆ ಕೇಳಿ.

ಶುರು ಹೇಗೆ?

ಮೊದಲ ತಿಂಗಳು ಒಂದೇ ಸರಕು, 20 ಪ್ಯಾಕೆಟ್ ಸಾಕು. ಪರಿಚಿತರಿಗೆ ಉಚಿತವಾಗಿ ಕೊಡಬೇಡಿ, ಹಣ ಪಡೆದೇ ಕೊಡಿ. ಹೊಗಳಿಕೆಗಿಂತ ಎರಡನೇ ಆರ್ಡರ್ ಎಷ್ಟು ಮನೆಗಳಿಂದ ಬಂತು ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ. ಅರ್ಧದಷ್ಟು ಮನೆಗಳಾದರೂ ಮತ್ತೆ ಕೇಳಿದರೆ ಆ ಸರಕನ್ನು ಮುಂದುವರಿಸಿ. ಇಲ್ಲವಾದರೆ ರುಚಿ, ಬೆಲೆ, ಪ್ಯಾಕಿಂಗ್ ಇವುಗಳಲ್ಲಿ ಯಾವುದು ತೊಡಕಾಯಿತೆಂದು ಕೇಳಿ ತಿಳಿದುಕೊಂಡು, ಆಮೇಲೆ ಮುಂದಿನ ಸರಕಿಗೆ ಹೋಗಿ.