ತಮಟೆ, ಜಮೈಕಾ ಮತ್ತು ಹಿಪ್ ಹಾಪ್



ಮಾಲೂರು ತಾಲ್ಲೂಕಿನ ಲಕ್ಕೂರಿಗೆ ಚಿತ್ರೀಕರಣಕ್ಕೆಂದು ಹೋಗಿದ್ದಾಗ ತಮಟೆ ತಂಡವೊಂದು ಹುಲ್ಲಿನ ಬೆಂಕಿಗೆ ಚರ್ಮ ಕಾಯಿಸುತ್ತಿತ್ತು. ಚರ್ಮದ ತೇವ ಆರಿದರೆ ಅದು ಬಿಗಿಯಾಗುತ್ತದೆ, ಬಿಗಿಯಾದಷ್ಟೂ ನಾದ ಏರುತ್ತದೆ. ಇದು ಭೌತವಿಜ್ಞಾನದ ಸರಳ ಪಾಠ. ಪಕ್ಕದಲ್ಲೇ ಪಿಯುಸಿ ಹುಡುಗರು ಮೊಬೈಲಿನಲ್ಲಿ ಕನ್ನಡ ರ್‍ಯಾಪ್ ಕೇಳುತ್ತಿದ್ದರು. ಅವರಲ್ಲಿ ತಮಟೆಯವರ ಮನೆಯ ಹುಡುಗನೊಬ್ಬ, "ತಮಟೆ ಬೇಡ ಸಾರ್, ಇದನ್ನ ಟೀವೀಲಿ ಹಾಕಿ" ಎಂದ. ಯಾಕಪ್ಪ ಎಂದೆ. "ತಮಟೆ ಅಂದ್ರೆ ಯಾವ ಜಾತಿ ಅಂತ ಕೇಳ್ತಾರೆ. ರ್‍ಯಾಪ್ ಅಂದ್ರೆ ಯಾರೂ ಕೇಳಲ್ಲ" ಎಂದ. ಅವನಿಗೆ ಅಂದು ಉತ್ತರಿಸಲಾಗಲಿಲ್ಲ. ಈ ಲೇಖನ ಆ ಉತ್ತರದ ಪ್ರಯತ್ನ.

ರ್‍ಯಾಪ್ ಹಿಪ್ ಹಾಪ್ ಸಂಸ್ಕೃತಿಯ ಒಂದು ಅಂಗ. ಅದು ಬೆಳೆದದ್ದು ಅಮೆರಿಕದಲ್ಲಾದರೂ ಅದರ ಒಂದು ಮುಖ್ಯ ಬೇರು ಕೆರಿಬಿಯನ್ ದ್ವೀಪಗಳಲ್ಲಿದೆ. 1950ರ ದಶಕದಲ್ಲಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಬಡವರಿಗೆ ದುಬಾರಿ ನೃತ್ಯಶಾಲೆಗಳು ಎಟುಕುತ್ತಿರಲಿಲ್ಲ. ಆದ್ದರಿಂದ ಭಾರಿ ಧ್ವನಿವರ್ಧಕ ಪೆಟ್ಟಿಗೆಗಳನ್ನು ಬೀದಿಗೆ ತಂದು, ಗ್ರಾಮಫೋನ್ ತಟ್ಟೆ ಹಾಕಿ ಕುಣಿಯುವ 'ಸೌಂಡ್ ಸಿಸ್ಟಂ' ಪದ್ಧತಿ ಬೆಳೆಯಿತು. ತಟ್ಟೆ ತಿರುಗುತ್ತಿರುವಾಗಲೇ ಒಬ್ಬ ಮೈಕ್ ಹಿಡಿದು ತಾಳಕ್ಕೆ ಸರಿಯಾಗಿ ಮಾತು ಪೋಣಿಸುತ್ತಿದ್ದ.

ಕ್ಲೈವ್ ಕ್ಯಾಂಪ್‌ಬೆಲ್ ಎಂಬ ಬಾಲಕ ಇದನ್ನು ನೋಡುತ್ತ ಬೆಳೆದ. 1955ರಲ್ಲಿ ಕಿಂಗ್‌ಸ್ಟನ್ನಿನಲ್ಲಿ ಜನಿಸಿದ ಇವನು 1967ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಗೆ ಬಂದ. ಹೆದ್ದಾರಿಗಾಗಿ ಮನೆಗಳನ್ನು ಕೆಡವಿದ್ದ, ಬಡತನ ಮುಸುಕಿದ್ದ ಪ್ರದೇಶವದು. 1973ರ ಆಗಸ್ಟ್ 11ರಂದು, ತಂಗಿಯ ಶಾಲೆಯ ಬಟ್ಟೆಗೆ ಹಣ ಕೂಡಿಸಲು ಏರ್ಪಡಿಸಿದ ಕೂಟದಲ್ಲಿ ಇವನು ತಟ್ಟೆಗಳನ್ನು ನುಡಿಸಿದ. ಜನ ಹೆಚ್ಚು ಕುಣಿಯುವುದು ಬರೀ ತಾಳವಾದ್ಯ ನುಡಿಯುವ ತುಣುಕಿಗೆ ಎಂಬುದನ್ನು ಗಮನಿಸಿದ್ದ ಇವನು, ಒಂದೇ ಹಾಡಿನ ಎರಡು ತಟ್ಟೆಗಳನ್ನು ಬದಲಿಸುತ್ತ ಆ ತುಣುಕನ್ನು ಬೆಳೆಸುವ ವಿಧಾನವನ್ನು ರೂಢಿಗೆ ತಂದ. ಡಿಜೆ ಕೂಲ್ ಹರ್ಕ್ ಎಂದು ಪ್ರಸಿದ್ಧನಾದವನು ಇವನೇ. ಈ ಕಲೆಯನ್ನು ಪರಿಷ್ಕರಿಸಿದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಕೂಡ ಕೆರಿಬಿಯನ್ನಿನ ಬಾರ್ಬಡೋಸ್‌ನಲ್ಲಿ ಹುಟ್ಟಿದವನು.

ಅದೇ 1973ರ ನವೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲೂ ಒಂದು ಮಾತು ಸಿಡಿಯಿತು. ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಗಲಭೆಗಳಾದವು, ಅವರು ಸಚಿವ ಸ್ಥಾನ ಬಿಡಬೇಕಾಯಿತು. ಆ ಕಾವಿನಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಡಂಗುರಕ್ಕೂ ಹೆಣದ ಮುಂದೆಯೂ ಬಿಟ್ಟಿಯಾಗಿ ಬಡಿಯಬೇಕಿದ್ದ ತಮಟೆ, ಹೋರಾಟದ ಹಾಡುಗಳ ಜೊತೆ ಮೆರವಣಿಗೆಗೆ ಬಂತು. ಕೋಲಾರ ಸೀಮೆಯ ಕೋಟಿಗಾನಹಳ್ಳಿ ರಾಮಯ್ಯನವರು ಅಂಥ ಹಾಡುಗಳನ್ನು ಬರೆದವರು. ಕೋಲಾರದ ಬಳಿಯ ತೇರಹಳ್ಳಿ ಬೆಟ್ಟದ ಮೇಲೆ ಅವರು ಕಟ್ಟಿದ 'ಆದಿಮ'ದಲ್ಲಿ ಹುಣ್ಣಿಮೆಯ ರಾತ್ರಿ ಹಾಡು, ನಾಟಕ ನಡೆದವು. 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇದ್ದ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.

ಇನ್ನೊಂದು ಸ್ವಾರಸ್ಯವಿದೆ. 1838ರಿಂದ 1917ರವರೆಗೆ ಭಾರತದಿಂದ ಕೆರಿಬಿಯನ್ ಪ್ರದೇಶಕ್ಕೆ ಕರಾರಿನ ಕೂಲಿಗಳನ್ನು ಹಡಗಿನಲ್ಲಿ ಒಯ್ದರು. ಮದರಾಸಿನಿಂದ ಗಯಾನಾಕ್ಕೆ ಹೋದವರ ವಂಶಸ್ಥರು ಇಂದಿಗೂ ಕಾಳಿಪೂಜೆಯಲ್ಲಿ 'ತಪ್ಪು' ಎಂಬ ವಾದ್ಯ ಬಾರಿಸುತ್ತಾರೆ. ಅದೂ ತಮಟೆಯ ಬಳಗದ್ದೇ. ನಮ್ಮ ಗಡಿ ಭಾಗದಲ್ಲಿ ಆಡುವ ತೆಲುಗಿನ 'ತಪ್ಪೆಟ' ಎಂಬ ಮಾತನ್ನು ನೆನೆದರೆ ನಂಟು ತಿಳಿದೀತು. ಹಾಗೆಂದು ಹಿಪ್ ಹಾಪ್ ತಮಟೆಯಿಂದ ಹುಟ್ಟಿತೆಂದು ಯಾರೂ ಹೇಳಬಾರದು, ಅದಕ್ಕೆ ಆಧಾರವಿಲ್ಲ. ಎರಡನ್ನೂ ಉಳಿಸಿದವರು ಊರಂಚಿನ ಜನ ಎಂಬುದಷ್ಟೇ ನಿಜ.

ಲಕ್ಕೂರಿನ ಆ ಹುಡುಗನಿಗೆ ಈಗ ಹೇಳಬಹುದು: ನೀನು ಕೇಳುವ ರ್‍ಯಾಪ್ ಕೂಡ 'ಎಲ್ಲಿಯವನು, ಯಾವ ಬಣ್ಣದವನು' ಎಂದು ಕೇಳಿಸಿಕೊಂಡವರದ್ದೇ. ಅವರು ತಮ್ಮ ಕೇರಿಯ ಹೆಸರನ್ನು ಮುಚ್ಚಿಡಲಿಲ್ಲ, ಮೈಕಿನಲ್ಲಿ ಕೂಗಿ ಹೇಳಿದರು. ನೀನು ತಮಟೆ ಬಾರಿಸಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ, ಅದು ನಿನ್ನ ಹಕ್ಕು. ಆದರೆ ಜಾತಿ ಕೇಳಿದವನು ನಾಚಬೇಕೇ ಹೊರತು ತಮಟೆಯಲ್ಲ. ನಿನ್ನ ರ್‍ಯಾಪಿಗೆ ತಾಳ ಬೇಕಾದ ದಿನ, ಅದು ನಿನ್ನ ಮನೆಯ ಗೋಡೆಯಲ್ಲೇ ತೂಗುತ್ತಿದೆ.