ಸರ್ವೆ ಪಟ್ಟಿಯ ಹೊರಗೆ: ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲಿ ದೇವದಾಸಿ ಪುನರ್ವಸತಿ

ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹುಡುಗಿಯರನ್ನು ಮುಂಬೈ, ಪುಣೆ, ಸಾಂಗ್ಲಿಯ ವೇಶ್ಯಾಗೃಹಗಳಿಗೆ ಸಾಗಿಸುವ ಜಾಲ ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಅದರಿಂದ ಹೊರಬಂದವರಿಗೂ ಊರಲ್ಲೇ ಉಳಿದು ನಲುಗಿದವರಿಗೂ ಮಾಸಾಶನ, ಮನೆ, ಸಾಲ ಸಿಗಬೇಕಾದರೆ ಸರ್ವೆ ಪಟ್ಟಿಯಲ್ಲಿ ಹೆಸರಿರಬೇಕು. ಹೆಸರು ಏಕೆ ಬಿಟ್ಟುಹೋಗುತ್ತದೆ ಎಂಬುದು ಈ ಟಿಪ್ಪಣಿಯ ವಿಷಯ.

ಬಾಂಬೆ ಪ್ರಾಂತ್ಯ 1934ರಲ್ಲಿ, ಮದ್ರಾಸ್ 1947ರಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಕಾಯ್ದೆ ತಂದವು. ಲಿಂಗಸುಗೂರಿನ ಪಕ್ಕದ ಹುನಗುಂದ ಮೊದಲನೆಯದಕ್ಕೆ ಸೇರಿತು. ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿಗುವ ಸಿರುಗುಪ್ಪ ಎರಡನೆಯದಕ್ಕೆ. ನಡುವೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆ ಎರಡರಿಂದಲೂ ಹೊರಗುಳಿಯಿತು. ಆಮೇಲೆ ಇಡೀ ರಾಜ್ಯಕ್ಕೆ ಅನ್ವಯಿಸುವಂತೆ ಬಂದದ್ದು 1982ರ ಕಾಯ್ದೆ, ಅದು ಜಾರಿಯಾದದ್ದು 1984ರಲ್ಲಿ. ಅದರಡಿ ಮುತ್ತು ಕಟ್ಟಿಸುವವರಿಗೆ ಮೂರು ವರ್ಷದವರೆಗೆ ಜೈಲು ಇತ್ತು. ಕಟ್ಟಿಸಿದವರು ತಂದೆ-ತಾಯಿ ಅಥವಾ ಸಂಬಂಧಿಕರಾದರೆ ಎರಡರಿಂದ ಐದು ವರ್ಷ.

ತೊಡಕು ಇರುವುದು ಇಲ್ಲಿಯೇ. 1993-94 ಮತ್ತು 2007-08ರ ಸರ್ವೆಗಳಲ್ಲಿ ರಾಜ್ಯದಾದ್ಯಂತ 46,660 ಮಾಜಿ ದೇವದಾಸಿಯರ ಹೆಸರು ದಾಖಲಾಯಿತು. ಮಹಿಳಾ ಅಭಿವೃದ್ಧಿ ನಿಗಮದ ಸವಲತ್ತುಗಳಿಗೆ ಆ ಪಟ್ಟಿಯೇ ಆಧಾರ. ಆದರೆ 1984ರ ನಂತರ ಮುತ್ತು ಕಟ್ಟಿಸಿಕೊಂಡವಳು ಹೆಸರು ಬರೆಸಿದರೆ ಹೆತ್ತವರ ಅಪರಾಧಕ್ಕೂ ತಾನೇ ಸಾಕ್ಷಿ ಹೇಳಿದಂತಾಗುತ್ತದೆ. ಬಾಗಿಲಲ್ಲಿ ನಿಂತು “ಯಾವ ವರ್ಷ ಕಟ್ಟಿದ್ರವ್ವಾ?” ಎಂದು ಕೇಳಿದರೆ, ಕಟ್ಟೆಯ ಮೇಲೆ ಕೂತ ಮುದುಕಿ ತಾಯಿಯ ಎದುರಿಗೇ ಮಗಳು ಉತ್ತರ ಕೊಡಬೇಕು. ಅವಳು “ಇಲ್ರೀ” ಎಂದರೆ ಅದನ್ನು ಸುಳ್ಳೆನ್ನಲು ನನಗೆ ಮನಸ್ಸಿಲ್ಲ. ಪಟ್ಟಿಯಲ್ಲಿ ಕಿರಿಯರು ಕಡಿಮೆ ಇದ್ದಾರೆಂದು ಪದ್ಧತಿ ನಿಂತುಹೋಗಿದೆ ಎಂದು ತೀರ್ಮಾನಿಸುವುದು ಈ ಕಾರಣಕ್ಕೇ ತಪ್ಪು.

ಗುಳೆ ಇನ್ನೊಂದು ಕಾರಣ. ಸರ್ವೆಯವರು ಬಂದಾಗ ಬೆಂಗಳೂರಿನ ಕಟ್ಟಡ ಕೆಲಸದಲ್ಲಿದ್ದವಳ ಮನೆಗೆ ಬೀಗ ಬಿದ್ದಿರುತ್ತದೆ. ಮಸ್ಕಿಯದು ಬೇರೆಯೇ ಸಮಸ್ಯೆ: ಹಳೆಯ ಸರ್ವೆಗಳ ಕಾಲಕ್ಕೆ ಅದು ತಾಲ್ಲೂಕಾಗಿರಲಿಲ್ಲ, ಹಾಗಾಗಿ ಅಲ್ಲಿನ ಹೆಸರುಗಳನ್ನು ಹಳೆಯ ತಾಲ್ಲೂಕುಗಳ ಪಟ್ಟಿಯಿಂದ ಹಳ್ಳಿವಾರು ಹೆಕ್ಕಿ ತೆಗೆಯಬೇಕು.

2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಕಾನೂನು ಮಕ್ಕಳ ಪಾಲಿಗೆ ದೊಡ್ಡ ಹೆಜ್ಜೆ. ಅರ್ಜಿಯಲ್ಲಿ ತಂದೆಯ ಹೆಸರು ಬರೆಯಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಬಯಸಿದರೆ ತಂದೆಯನ್ನು ಗುರುತಿಸಿ ಹಕ್ಕು ಕೇಳಬಹುದು. ಶಾಲೆಗೆ ಸೇರಿಸುವಾಗ, ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋದಾಗ ಆ ಒಂದು ಖಾಲಿ ಅಂಕಣದಿಂದ ತಲೆ ತಗ್ಗಿಸಿದ ಮಕ್ಕಳು ಈ ಮೂರೂ ತಾಲ್ಲೂಕುಗಳಲ್ಲಿದ್ದಾರೆ.

ತಾಯಂದಿರ ವಿಷಯದಲ್ಲಿ ನನ್ನ ಒತ್ತಾಯ ಇಷ್ಟು: ಸರ್ವೆಯಲ್ಲಿ ಕೊಟ್ಟ ಹೇಳಿಕೆಯನ್ನು ಹೆತ್ತವರ ಮೇಲಿನ ಮೊಕದ್ದಮೆಗೆ ಬಳಸುವುದಿಲ್ಲವೆಂದು ಸರ್ಕಾರ ಬರವಣಿಗೆಯಲ್ಲಿ ಭರವಸೆ ಕೊಡಬೇಕು. ಸರ್ವೆಯವರ ಜೊತೆ ವಿಮುಕ್ತ ದೇವದಾಸಿಯರ ಸಂಘಟನೆಯ ಹೆಂಗಸೊಬ್ಬರು ಹೋಗಬೇಕು. ಗುಳೆ ಹೋದವರು ಊರಿಗೆ ಮರಳುವ ಹಬ್ಬ, ಜಾತ್ರೆಗಳ ಹೊತ್ತಿಗೆ ಇನ್ನೊಮ್ಮೆ ಮನೆ ಮನೆಗೆ ಬರಬೇಕು.