ತಣ್ಣನೆಯ ಕಡಲಲ್ಲಿ ಸರ್ಫಿಂಗ್: ಯಾವ ಉಡುಪು ಬೇಕು, ಎಲ್ಲಿ ಎಚ್ಚರ ಬೇಕು?

ಮೂಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಕಲಿಯುವವರಿಗೆ ಒಂದು ಟಿ-ಶರ್ಟು, ಒಂದು ಚಡ್ಡಿ ಸಾಕು. ಅಲ್ಲಿನ ಕಡಲ ನೀರು ವರ್ಷದ ಬಹುಪಾಲು 27ರಿಂದ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಆದರೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಇದೇ ಆಟ ಆಡಬೇಕೆಂದರೆ ಲೆಕ್ಕವೇ ಬೇರೆ. ಅಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ನೀರು ಸುಮಾರು 9–10 ಡಿಗ್ರಿಗೆ ಇಳಿಯುತ್ತದೆ. ನಾರ್ವೆಯ ಲೋಫೋಟೆನ್ ದ್ವೀಪಗಳಲ್ಲಿ ಇನ್ನೂ ತಣ್ಣಗೆ. ಆದರೂ ಜನ ಅಲ್ಲಿ ಕಡಲಿಗಿಳಿಯುತ್ತಾರೆ. ಒಳ್ಳೆಯ ಅಲೆಗಳು ಏಳುವುದು ಚಳಿಗಾಲದ ಬಿರುಗಾಳಿಗಳಿಂದಲೇ.

ಹಾಗಾದರೆ ತಣ್ಣೀರಿನಲ್ಲಿ ನಿಜವಾದ ಅಪಾಯ ಯಾವುದು? ‘ಹೆಪ್ಪುಗಟ್ಟಿ ಸಾಯುವುದು’ ಎಂದು ಹೆಚ್ಚಿನವರು ಅಂದುಕೊಂಡಿದ್ದಾರೆ. ಅಪಾಯ ಅದಕ್ಕಿಂತ ಬಹಳ ಮೊದಲೇ ಬರುತ್ತದೆ.

ಮೊದಲ ನಿಮಿಷದಲ್ಲಿ ಏನಾಗುತ್ತದೆ?

ಚರ್ಮ ಒಮ್ಮೆಲೇ ತಣ್ಣಗಾದಾಗ ನಾವು ಬೇಡವೆಂದರೂ ಬಾಯಿ ತೆರೆದು ದೊಡ್ಡದಾಗಿ ಉಸಿರು ಎಳೆದುಕೊಳ್ಳುತ್ತೇವೆ. ನಂತರ ಏದುಸಿರು ಶುರುವಾಗುತ್ತದೆ, ಎದೆಬಡಿತ ಮತ್ತು ರಕ್ತದೊತ್ತಡ ಏರುತ್ತವೆ. ಇದನ್ನು ಶೀತಾಘಾತ ಎನ್ನುತ್ತಾರೆ. ನೀರು 15 ಡಿಗ್ರಿಗಿಂತ ಕೆಳಗಿದ್ದರೆ ಇದು ಜೋರಾಗಿರುತ್ತದೆ. ಆ ಮೊದಲ ಉಸಿರನ್ನು ಎಳೆದುಕೊಳ್ಳುವಾಗ ಮುಖ ನೀರಿನೊಳಗಿದ್ದರೆ ಶ್ವಾಸಕೋಶಕ್ಕೆ ನೀರು ಹೋಗುತ್ತದೆ. ಚೆನ್ನಾಗಿ ಈಜು ಬರುವವರೂ ದಡದ ಹತ್ತಿರವೇ ಮುಳುಗುವುದು ಹೀಗೆ.

ಕೆನಡಾದ ವಿಜ್ಞಾನಿ ಗೋರ್ಡನ್ ಗೀಸ್‌ಬ್ರೆಕ್ಟ್ ಇದನ್ನು ನೆನಪಿಡಲು 1–10–1 ಎಂಬ ಸುಲಭ ಸೂತ್ರ ಕೊಟ್ಟಿದ್ದಾರೆ. ತೀರಾ ತಣ್ಣನೆಯ ನೀರಿಗೆ ರಕ್ಷಣೆಯ ಉಡುಪಿಲ್ಲದೆ ಬಿದ್ದರೆ ಉಸಿರನ್ನು ಹತೋಟಿಗೆ ತರಲು ಸುಮಾರು 1 ನಿಮಿಷ. ಕೈಕಾಲು ಕೆಲಸ ಮಾಡುವುದು ಸುಮಾರು 10 ನಿಮಿಷ. ದೇಹದ ಉಷ್ಣತೆ ಕುಸಿದು ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಅಂದರೆ ಚಳಿಯಿಂದ ಪ್ರಜ್ಞೆ ತಪ್ಪುವುದಕ್ಕೆ ಬಹಳ ಮೊದಲೇ ತೋಳುಗಳು ಕೈಕೊಡುತ್ತವೆ.

ವೆಟ್‌ಸೂಟ್ ಬೆಚ್ಚಗಿಡುವುದು ಹೇಗೆ?

‘ಒಳಗೆ ನುಗ್ಗಿದ ನೀರು ಬಿಸಿಯಾಗಿ ನಮ್ಮನ್ನು ಬೆಚ್ಚಗಿಡುತ್ತದೆ’ ಎಂಬುದು ತುಂಬ ಹಳೆಯ ನಂಬಿಕೆ. ನಿಜವಾಗಿ ಬೆಚ್ಚಗಿಡುವುದು ನಿಯೋಪ್ರೀನ್ ರಬ್ಬರಿನೊಳಗೆ ಸಿಕ್ಕಿಕೊಂಡಿರುವ ಲಕ್ಷಾಂತರ ಸಣ್ಣ ಅನಿಲದ ಗುಳ್ಳೆಗಳು. ಐಸ್‌ಕ್ಯಾಂಡಿ ಮಾರುವವರ ಥರ್ಮಾಕೋಲ್ ಡಬ್ಬಿ ಕೆಲಸ ಮಾಡುವುದೂ ಹೀಗೆಯೇ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ, ಹಾಗಾಗಿ ಒಳಗೆ ನೀರು ಕಡಿಮೆ ಇದ್ದಷ್ಟೂ ಒಳ್ಳೆಯದು. ಮೈ ಒದ್ದೆಯಾದರೂ ಪರವಾಗಿಲ್ಲ, ಶಾಖ ತಡೆಯುವುದು ಬಟ್ಟೆಯೊಳಗಿನ ಅನಿಲ ಎಂದು 1950ರ ದಶಕದ ಆರಂಭದಲ್ಲೇ ಕಂಡುಕೊಂಡವರು ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್.

ಆದ್ದರಿಂದ ಕೊಳ್ಳುವಾಗ ಅಳತೆಯೇ ಮುಖ್ಯ. ಸೂಟ್ ಮೈಗೆ ಅಂಟಿಕೊಂಡಂತಿರಬೇಕು. ಕತ್ತು, ಸೊಂಟ, ಕಂಕುಳಲ್ಲಿ ಸಡಿಲ ಇರಬಾರದು. ಸಡಿಲವಿದ್ದರೆ ಪ್ರತಿ ಅಲೆಗೂ ಹೊಸ ತಣ್ಣೀರು ಒಳನುಗ್ಗುತ್ತದೆ. ಹಾಗೆಂದು ಉಸಿರು ಕಟ್ಟುವಷ್ಟು ಅಥವಾ ತೋಳು ಎತ್ತಲಾಗದಷ್ಟು ಬಿಗಿಯೂ ಬೇಡ. ಹೊಲಿಗೆಯನ್ನೂ ನೋಡಿ: ಅಂಟು ಹಾಕಿ, ಸೂಜಿ ಆಚೆ ತೂರದಂತೆ ಹೊಲಿದದ್ದು ತಣ್ಣೀರಿಗೆ ಸರಿ. ಹಳೆಯ ಸೂಟ್ ಕೊಳ್ಳುವುದಾದರೆ ರಬ್ಬರು ಗಡುಸಾಗಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಎಳೆದು ನೋಡಿ.

4/3, 5/4 ಎಂದರೇನು?

ಇವು ಮಿಲಿಮೀಟರ್ ಲೆಕ್ಕದ ದಪ್ಪ. ಮೊದಲ ಅಂಕಿ ಎದೆ, ಬೆನ್ನಿನ ಭಾಗಕ್ಕೆ, ಎರಡನೆಯದು ಕೈಕಾಲಿಗೆ. ಅಂದಾಜು ಹೀಗೆ:

- 16 ಡಿಗ್ರಿಗಿಂತ ಮೇಲೆ: 3/2 ಸೂಟ್.
- 12–16 ಡಿಗ್ರಿ: 4/3 ಸೂಟ್, ನಿಯೋಪ್ರೀನ್ ಬೂಟು.
- 9–12 ಡಿಗ್ರಿ: 5/4 ಸೂಟ್, ಬೂಟು, ಕೈಗವಸು, ತಲೆಗೆ ಹುಡ್.
- 9ಕ್ಕಿಂತ ಕೆಳಗೆ: 6/5 ಸೂಟ್, ದಪ್ಪ ಬೂಟು, ಕೈಗವಸು, ಹುಡ್.

ಗಾಳಿ ಜೋರಿದ್ದರೆ, ನಿಮಗೆ ಬೇಗ ಚಳಿ ಹತ್ತುವುದಾದರೆ ಒಂದು ಹಂತ ದಪ್ಪದ್ದನ್ನೇ ಆರಿಸಿ.

‘ದೇಹದ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ’ – ನಿಜವೇ?

ಅಲ್ಲ. ತಲೆಯಿಂದ ಹೋಗುವ ಶಾಖ ಹೆಚ್ಚುಕಡಿಮೆ ಅದರ ವಿಸ್ತಾರಕ್ಕೆ ತಕ್ಕಷ್ಟೇ, ಸುಮಾರು ಹತ್ತರಲ್ಲೊಂದು ಪಾಲು. ಆದರೂ ಹುಡ್ ಬೇಕು. ಮೈಯೆಲ್ಲ ಮುಚ್ಚಿ ತಲೆಯೊಂದನ್ನೇ ಬಿಟ್ಟರೆ ಶಾಖ ಹೋಗುವ ದಾರಿ ಅದೇ ಆಗುತ್ತದೆ. ಜೊತೆಗೆ ತಣ್ಣೀರು, ಚಳಿಗಾಳಿ ವರ್ಷಗಟ್ಟಲೆ ಕಿವಿಗೆ ಬಡಿದರೆ ಕಿವಿಯ ನಾಳದಲ್ಲಿ ಮೂಳೆ ಬೆಳೆದು ದಾರಿ ಕಿರಿದಾಗಬಹುದು. ಇದಕ್ಕೆ ‘ಸರ್ಫರ್ಸ್ ಇಯರ್’ ಎಂದೇ ಹೆಸರು. ಹುಡ್ ಮತ್ತು ಕಿವಿಬಿರಡೆ ಇದನ್ನು ತಡೆಯಲು ನೆರವಾಗುತ್ತವೆ.

‘ಒಂದು ಪೆಗ್ ಹಾಕಿದರೆ ಬೆಚ್ಚಗಾಗುತ್ತದೆ’ – ನಿಜವೇ?

ಬೆಚ್ಚಗಾದಂತೆ ಅನಿಸುತ್ತದೆ, ಅಷ್ಟೇ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ, ವಿವೇಕವನ್ನೂ ಮಂಕು ಮಾಡುತ್ತದೆ. ಕಡಲಿಗಿಳಿಯುವ ಮುನ್ನವೂ ಬೇಡ, ಮೇಲೆ ಬಂದ ಮೇಲೂ ಬೇಡ.

ನೀರಿನಲ್ಲಿ ಪಾಲಿಸಬೇಕಾದದ್ದು

- ಒಬ್ಬರೇ ಇಳಿಯಬೇಡಿ. ಜೀವರಕ್ಷಕರಿರುವ ತೀರವನ್ನೇ ಆರಿಸಿ. ಬ್ರಿಟನ್ನಿನ ತೀರಗಳಲ್ಲಿ ಕಪ್ಪು-ಬಿಳಿ ಚೌಕಳಿ ಬಾವುಟಗಳ ನಡುವಿನ ಜಾಗ ಸರ್ಫ್‌ಬೋರ್ಡಿನವರಿಗೆ ಮೀಸಲು. ಕೆಂಪು ಬಾವುಟವಿದ್ದರೆ ಯಾರೂ ಇಳಿಯಬಾರದು.
- ಧುಮುಕಬೇಡಿ. ಸೊಂಟದ ಮಟ್ಟಕ್ಕೆ ನಡೆದು ಹೋಗಿ, ಮುಖಕ್ಕೆ ನೀರು ಎರಚಿಕೊಂಡು, ಉಸಿರು ಹದಕ್ಕೆ ಬಂದ ಮೇಲೆ ಮುಂದೆ ಹೋಗಿ.
- ಆಕಸ್ಮಿಕವಾಗಿ ಬಿದ್ದು ಏದುಸಿರು ಬಂದರೆ ಕೈಕಾಲು ಬಡಿಯಬೇಡಿ. ತಲೆ ಹಿಂದಕ್ಕೆ ಚಾಚಿ ಅಂಗಾತ ತೇಲಿ. ಉಸಿರು ತಹಬಂದಿಗೆ ಬಂದ ಮೇಲೆ ಕೂಗಿ ಅಥವಾ ಈಜಿ. ಬ್ರಿಟನ್ ಮತ್ತು ಐರ್ಲೆಂಡಿನ ಜೀವರಕ್ಷಣಾ ಸಂಸ್ಥೆ ಆರ್‌ಎನ್‌ಎಲ್‌ಐ ಸಾರುವುದೂ ಇದನ್ನೇ.
- ಕಾಲಿನ ಲೀಶ್ ಕಟ್ಟಿಯೇ ಇಳಿಯಿರಿ. ಸೆಳೆತಕ್ಕೆ ಸಿಕ್ಕರೂ ಬೋರ್ಡ್ ಬಿಡಬೇಡಿ. ಅದೇ ನಿಮ್ಮ ತೇಲುವ ಆಸರೆ. ಸೆಳೆತಕ್ಕೆ ಎದುರಾಗಿ ಅಲ್ಲ, ದಡಕ್ಕೆ ಸಮಾನಾಂತರವಾಗಿ ಹುಟ್ಟುಹಾಕಿ ಹೊರಬನ್ನಿ.
- ಆಗಾಗ ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ನೋಡಿ. ತಾಗದಿದ್ದರೆ, ನಡುಕ ನಿಲ್ಲದಿದ್ದರೆ, ಮಾತು ತೊದಲಿದರೆ ಕೂಡಲೇ ದಡಕ್ಕೆ ಬನ್ನಿ. ‘ಇನ್ನೊಂದೇ ಅಲೆ’ ಎನ್ನಬೇಡಿ.

ದಡಕ್ಕೆ ಬಂದ ಮೇಲೆ

ಅಪಾಯ ಅಲ್ಲಿಗೇ ಮುಗಿಯುವುದಿಲ್ಲ. ನೀರಿನಿಂದ ಹೊರಬಂದ ಮೇಲೂ ಸ್ವಲ್ಪ ಹೊತ್ತು ದೇಹದ ಒಳಗಿನ ಉಷ್ಣತೆ ಇಳಿಯುತ್ತಲೇ ಇರುತ್ತದೆ. ಗಾಳಿ ತಾಗದ ಜಾಗದಲ್ಲಿ ಬೇಗ ಒದ್ದೆ ಸೂಟ್ ಬಿಚ್ಚಿ, ಮೈ ಒರೆಸಿ, ಒಣ ಬಟ್ಟೆ, ಟೋಪಿ ಹಾಕಿಕೊಳ್ಳಿ. ಬಿಸಿ, ಸಿಹಿ ಚಹಾ ಕುಡಿಯಿರಿ. ಕೂಡಲೇ ಬಿಸಿನೀರಿನ ಸ್ನಾನ ಬೇಡ. ರಕ್ತನಾಳಗಳು ಒಮ್ಮೆಲೇ ಹಿಗ್ಗಿ ತಲೆಸುತ್ತಿ ಬೀಳಬಹುದು. ನಡುಕ ನಿಲ್ಲುವವರೆಗೆ ಕಾರು ಓಡಿಸಬೇಡಿ.

ಯಾರಿಗಾದರೂ ಗೊಂದಲ, ತೂಕಡಿಕೆ ಕಂಡರೆ, ಅಥವಾ ತೀರಾ ತಣ್ಣಗಾಗಿದ್ದರೂ ನಡುಕವೇ ಇಲ್ಲದಿದ್ದರೆ ತುರ್ತು ಸಹಾಯಕ್ಕೆ ಕರೆ ಮಾಡಿ. ಬ್ರಿಟನ್, ಐರ್ಲೆಂಡಿನಲ್ಲಿ 999 ಅಥವಾ 112. ಕಡಲಲ್ಲಿ ಸಿಕ್ಕವರಿಗಾದರೆ ಕರಾವಳಿ ಕಾವಲು ಪಡೆಯನ್ನು ಕೇಳಿ. ಹೃದ್ರೋಗ, ರಕ್ತದೊತ್ತಡ ಅಥವಾ ಆಸ್ತಮಾ ಇರುವವರು ವೈದ್ಯರನ್ನು ಕೇಳಿಯೇ ತಣ್ಣೀರಿಗಿಳಿಯಬೇಕು. ಶೀತಾಘಾತದ ಹೊಡೆತ ನೇರವಾಗಿ ಬೀಳುವುದು ಹೃದಯ ಮತ್ತು ಉಸಿರಾಟದ ಮೇಲೆ.